ಓಲಾ ಮನೆಯಲ್ಲಿ ಉಳಿದ ಟೋಪಿ

ಓಹಿಯೋ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಬಂದ ಮೇಲೆ ಹೋಸಿಯಾ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ತಲೆಯ ಮೇಲಿದ್ದ ಬೂದು ಹ್ಯಾಟು ತೆಗೆದು ಪಕ್ಕದಲ್ಲಿದ್ದ ಹೆಂಡತಿ ವರ್ಡೆಲ್ ಕೈಗೆ ಕೊಟ್ಟ. ಸೀಟಿನ ಕೆಳಗಿನಿಂದ ಒಂದು ಕಾಗದದ ಚೀಲ ಎಳೆದು, ಅದರೊಳಗಿದ್ದ ಕಪ್ಪು ಟೋಪಿಯನ್ನು ಹಾಕಿಕೊಂಡ. ಮುಂದೆ ಹೊಳೆಯುವ ಗಟ್ಟಿ ಅಂಚಿನ, ಶ್ರೀಮಂತರ ಮನೆಯ ಡ್ರೈವರುಗಳು ಹಾಕುವಂಥ ಟೋಪಿ.

"ಇದೇನಿದು?" ಎಂದಳು ವರ್ಡೆಲ್.

"ಟೋಪಿ."

"ಅದು ನಂಗೂ ಕಾಣ್ತಿದೆ. ಯಾರದ್ದು?"

"ನಂದೇ. ಈಗ ನೀನು ಹಿಂದೆ ಹೋಗಿ ಲೋರೀನ್ ಪಕ್ಕ ಕೂತ್ಕೋ."

"ನಾನ್ಯಾಕೆ ಹಿಂದೆ ಕೂರ್ಬೇಕು? ನಾನು ನಿನ್ನ ಹೆಂಡ್ತಿ."

"ಅದಕ್ಕೇ ಹೇಳ್ತಿರೋದು," ಎಂದ ಹೋಸಿಯಾ. ಅವನ ಮುಖದಲ್ಲಿ ನಗು ಇರಲಿಲ್ಲ. "ಈ ಕಾರು ವಿಟ್ಕಂ ಅನ್ನೋ ದಣಿಗಳದ್ದು. ನಾನು ಅವರ ಡ್ರೈವರು. ನೀನು ಅವರ ಅಡುಗೆಯವಳು. ಲೋರೀನ್ ನಿನ್ನ ಮಗಳು. ಯಾರಾದ್ರೂ ನಿಲ್ಲಿಸಿದ್ರೆ, ಮಗಾ, ನೀನು ನನ್ನನ್ನ ಅಪ್ಪ ಅನ್ನಬಾರದು. ಮಿಸ್ಟರ್ ಹೋಸಿಯಾ ಅನ್ನಬೇಕು. ಗೊತ್ತಾಯ್ತಾ?"

ಎಂಟು ವರ್ಷದ ಲೋರೀನ್‌ಗೆ ಇದು ಆಟದಂತೆ ಕಂಡಿತು. "ಆಯ್ತು ಮಿಸ್ಟರ್ ಹೋಸಿಯಾ," ಎಂದು ಕಿಸಕ್ಕನೆ ನಕ್ಕಳು.

ವಿಟ್ಕಂ ಎಂಬ ದಣಿ ಎಲ್ಲಿಯೂ ಇರಲಿಲ್ಲ. ಕಾರು ಹೋಸಿಯಾನದೇ. ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ವರ್ಷಗಟ್ಟಲೆ ಬೆಂದು, ರಜೆಯ ದಿನಗಳಲ್ಲೂ ದುಡಿದು ಕೊಂಡ ಹಸಿರು ಬ್ಯೂಕ್ ಅದು. ನದಿಯ ಈಚಿನ ದಕ್ಷಿಣದಲ್ಲಿ ಕರಿಯರಾದ ನಮ್ಮವರು ಇಂಥ ಕಾರಿನ ಒಡೆಯರಾಗಿರುವುದನ್ನು ಬಿಳಿಯರು ಸಹಿಸುತ್ತಿರಲಿಲ್ಲ. ಭಾನುವಾರ ಇಗರ್ಜಿಗೆ ಹೋಗುವಾಗ ವರ್ಡೆಲ್ ಅದರ ಮುಂದಿನ ಸೀಟಿನಲ್ಲಿ, ಕೈಗವಸು ಹಾಕಿಕೊಂಡು, ಕಿಟಕಿ ಪೂರ್ತಿ ಇಳಿಸಿ ಕೂರುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಕ್ಲೀವ್‌ಲ್ಯಾಂಡಿನಲ್ಲಿ. ಅಲ್ಲಿಯ ಬಿಳಿಯರೇನೂ ದೇವತೆಗಳಲ್ಲ; ಬಾಡಿಗೆ ಮನೆ ಕೇಳಲು ಹೋದಾಗ ಬಾಗಿಲು ಹಾಕಿಕೊಂಡವರನ್ನು ಅವಳು ಸಾಕಷ್ಟು ನೋಡಿದ್ದಳು. ಆದರೆ ನದಿಯ ಈಚೆಗೆ ಎಂದೂ ಬಂದವಳಲ್ಲ. ಈಗಲೂ ಬಂದದ್ದು ಅಲಬಾಮದಿಂದ ಹೋಸಿಯಾನ ಅಕ್ಕ ಜಿನೋಬಿಯಾ ಕಳಿಸಿದ ತಂತಿಯಿಂದಾಗಿ. ಅವ್ವನಿಗೆ ಹುಷಾರಿಲ್ಲ, ಹೋಸಿಯಾ ಬಂದನೇ ಎಂದು ದಿನವೂ ಕೇಳುತ್ತಾಳೆ, ಬೇಗ ಬಾ ಎಂದಿತ್ತು ಅದರಲ್ಲಿ. ಹೊಲದ ಮಾಲೀಕನೊಂದಿಗೆ ಜಗಳವಾಡಿಕೊಂಡು ಊರು ಬಿಟ್ಟಿದ್ದ ಹೋಸಿಯಾ ಆಮೇಲೆ ತಾಯಿಯ ಮುಖ ನೋಡಿರಲಿಲ್ಲ.

ಟೋಪಿ ತಲೆಗೇರಿದ ಮೇಲೆ ಹೋಸಿಯಾ ಬೇರೆಯೇ ಮನುಷ್ಯನಾದ. ಹಿಂದಿನ ಸೀಟಿನಿಂದ ವರ್ಡೆಲ್ ಅದನ್ನೇ ನೋಡುತ್ತಿದ್ದಳು. ಅವನ ಭುಜ ಇಳಿಯಿತು. ಕತ್ತು ಒಳಗೆ ಸರಿಯಿತು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಲ್ಲೆಲ್ಲ ಅವನು ಟ್ಯಾಂಕಿನ ಮುಚ್ಚಳ ತೆಗೆಯಲು ಬಿಡುವ ಮೊದಲೇ, "ಹೆಂಗಸರು ಹೋಗೋಕೆ ಜಾಗ ಇದೆಯಾ ಬುದ್ಧೀ?" ಎಂದು ಕೇಳುತ್ತಿದ್ದ. ಇಲ್ಲವೆಂದರೆ ಹಾಕಿಸದೆ ಮುಂದೆ ಹೋಗುತ್ತಿದ್ದ. ದುಡ್ಡು ತೆಗೆದುಕೊಂಡ ಮೇಲೆ ಕೇಳಿದರೆ ಇದ್ದ ಜಾಗವೂ ಇಲ್ಲವಾಗುತ್ತದೆಂದು ಅವನಿಗೆ ಗೊತ್ತಿತ್ತು. ಮೂರನೆಯ ಕಡೆ ಒಬ್ಬ ಬಿಳಿಯ ಕಾರಿನ ಬೆನ್ನು ತಟ್ಟಿ, "ನಿನ್ನ ದಣಿಗೆ ಒಳ್ಳೇ ಅಭಿರುಚಿ ಇದೆ ಕಣೋ ಹುಡುಗಾ," ಎಂದ. ನಲವತ್ತು ದಾಟಿದ ಹೋಸಿಯಾ ಹಲ್ಲೆಲ್ಲ ಕಾಣುವಂತೆ ನಕ್ಕು, "ಹೌದು ಬುದ್ಧೀ, ಬಹಳ ಅಭಿರುಚಿ," ಎಂದ.

ವರ್ಡೆಲ್ ಮುಖ ತಿರುಗಿಸಿ, ಮಡಿಲಲ್ಲಿದ್ದ ಶೂ ಪೆಟ್ಟಿಗೆಯ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಅದರಲ್ಲಿ ಹುರಿದ ಕೋಳಿ, ಬೇಯಿಸಿದ ಮೊಟ್ಟೆ, ಕೇಕು ಇದ್ದವು. ದಾರಿಯಲ್ಲಿ ನಮ್ಮವರಿಗೆ ಊಟ ಕೊಡುವ ಹೋಟೆಲು ಸಿಗುವುದಿಲ್ಲವೆಂದು ನೆರೆಮನೆಯವರೆಲ್ಲ ಹೇಳಿದ್ದರು. ಅದನ್ನು ಅವಳು ನಂಬಿದ್ದಳು. ಈ ನಗುವಿನ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ಸಂಜೆಗೆ ಟೆನೆಸಿಯ ಒಂದು ಊರಲ್ಲಿ ಓಲಾ ಪ್ರೂಯಿಟ್ ಎಂಬ ವಿಧವೆಯ ಮನೆ ತಲುಪಿದರು. ಓಲಾ ನಮ್ಮವರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಬಾಗಿಲು ತೆರೆದವಳೇ ಸೊಂಟದ ಮೇಲೆ ಕೈಯಿಟ್ಟು, "ಏನಪ್ಪಾ ಡ್ರೈವರೇ, ದಣಿಗಳು ಎಲ್ಲಿ? ಡಿಕ್ಕಿಯಲ್ಲಿ ಮಲಗಿಸಿದ್ದೀಯಾ?" ಎಂದಳು.

ಹೋಸಿಯಾ ಹೊಟ್ಟೆ ಹಿಡಿದು ನಕ್ಕ. ಬೆಳಗಿನಿಂದ ಅದೇ ಅವನ ಮೊದಲ ನಿಜವಾದ ನಗು.

"ಆ ಮೊಳೆಗೆ ಹಾಕು," ಎಂದು ಓಲಾ ಬಾಗಿಲ ಹಿಂದೆ ತೋರಿಸಿದಳು. "ಮೊನ್ನೆ ಅಲ್ಲೊಂದು ಟೋಪಿ ನೇತಾಡ್ತಿತ್ತು. ಯಾರದ್ದು ಹೇಳು? ಒಬ್ಬ ಹಲ್ಲಿನ ಡಾಕ್ಟರದ್ದು! ಮನೇಲಿ ಆಳು ಇಟ್ಕೊಂಡಿರೋ ಮನುಷ್ಯ, ದಾರೀಲಿ ತಾನೇ ಆಳು."

ಊಟಕ್ಕೆ ಸೊಪ್ಪು, ಜೋಳದ ರೊಟ್ಟಿ, ಹಂದಿಮಾಂಸ ಬಡಿಸಿದ ಓಲಾ, ವರ್ಡೆಲ್ ಸರಿಯಾಗಿ ಉಣ್ಣದ್ದನ್ನು ನೋಡಿದಳು. "ಯಾಕೆ ಮಗಳೇ, ಮುಖ ಸಪ್ಪಗಿದೆ?"

"ಆ ಟೋಪಿ ನಂಗೆ ಹಿಡಿಸಲ್ಲ ಅಮ್ಮಾ."

"ಯಾರಿಗೆ ಹಿಡಿಸತ್ತೆ? ಛತ್ರಿ ಹಿಡಿಯೋದು ಮಳೆ ಇಷ್ಟ ಅಂತಲಾ?"

ವರ್ಡೆಲ್ ರೊಟ್ಟಿಯ ತುಂಡನ್ನು ತಟ್ಟೆಯಲ್ಲೇ ತಿರುಗಿಸಿದಳು. ಅವಳ ಕಣ್ಣಿಗೆ ಕಟ್ಟಿದ್ದು ನಾಳೆಯ ಮಧ್ಯಾಹ್ನ. ಅತ್ತೆಯ ಅಂಗಳಕ್ಕೆ ಹಸಿರು ಬ್ಯೂಕ್ ಬರುತ್ತದೆ, ಊರವರೆಲ್ಲ ನಿಂತಿರುತ್ತಾರೆ, ಒಳಗಿನಿಂದ ಆಳಿನ ಟೋಪಿ ಹಾಕಿದ ಒಬ್ಬ ಬಗ್ಗಿದ ಗಂಡಸು ಇಳಿಯುತ್ತಾನೆ. ಅವನ ಹಿಂದಿನ ಸೀಟಿನಿಂದ ತಾನು ಇಳಿಯುತ್ತೇನೆ. ಬೂದು ಹ್ಯಾಟಿನಲ್ಲಿ ಅವನು ಎಷ್ಟು ಚೆನ್ನಾಗಿ ಕಾಣುತ್ತಾನೆ! ಅದನ್ನು ಅವಳೇ ಆರಿಸಿದ್ದಳು.

ಬೆಳಿಗ್ಗೆ ಹೋಸಿಯಾ ಹಾಸಿಗೆ ಸುರುಳಿ, ನೀರಿನ ಜಾಡಿ, ಮಗುವಿಗೆ ದಾರಿಯಲ್ಲಿ ಅವಸರವಾದರೆ ಬೇಕಾಗುವ ಕಾಫಿ ಡಬ್ಬ ಎಲ್ಲವನ್ನೂ ಕಾರಿಗೆ ತುಂಬುತ್ತಿದ್ದ. ವರ್ಡೆಲ್ ಬಾಗಿಲ ಹಿಂದಿನ ಮೊಳೆಯಿಂದ ಟೋಪಿ ತೆಗೆದಳು. ಅದರ ಒಳಪಟ್ಟಿ ಇನ್ನೂ ಬೆವರಿನಿಂದ ತೇವವಾಗಿತ್ತು. ಮಲಗಿದ್ದ ಕೋಣೆಗೆ ಹೋಗಿ, ಕಪಾಟಿನ ಕೆಳಗಿನ ಡ್ರಾಯರು ಎಳೆದು, ಮಡಿಸಿಟ್ಟ ಹೊದಿಕೆಗಳ ಅಡಿಗೆ ಅದನ್ನು ತುರುಕಿದಳು. ಹೊದಿಕೆಯ ಮೇಲೆ ಎದ್ದ ಉಬ್ಬನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

"ಟೋಪಿ ತಗೊಂಡ್ಯಾ ಡೆಲ್?" ಎಂದು ಹೋಸಿಯಾ ಹೊರಗಿನಿಂದ ಕೂಗಿದ.

"ಹೂಂ. ಹಿಂದೆ ಇಟ್ಟಿದ್ದೀನಿ."

ಬೆಳಗಿನ ರಸ್ತೆಗಳು ಖಾಲಿಯಿದ್ದವು, ಅದು ಬೇಕಾಗಲಿಲ್ಲ. ಹೋಸಿಯಾ ಬರಿದಲೆಯಲ್ಲೇ ಕಾರು ಓಡಿಸಿದ. ಅಲಬಾಮದ ಕೆಂಪು ಮಣ್ಣು ಕಾಣತೊಡಗಿದಾಗ ಅವನು ತಾನಾಗಿ ಮಾತಿಗೆ ಶುರು ಮಾಡಿದ. ಅವ್ವ ಪೀಚ್ ಹಣ್ಣಿನ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಸುರುಳಿಯಾಗಿ ಬಿಡಿಸುತ್ತಿದ್ದುದನ್ನು, ಆ ಸಿಪ್ಪೆಯನ್ನು ತಾನು ಕಿವಿಗೆ ನೇತುಹಾಕಿಕೊಂಡು ಕುಣಿಯುತ್ತಿದ್ದುದನ್ನು ಲೋರೀನ್‌ಗೆ ಹೇಳಿದ. "ಬಿಸಿಲು ನೆತ್ತಿಗೆ ಬರೋ ಮೊದಲೇ ಮನೆ ಸೇರ್ತೀವಿ," ಎಂದ. ವರ್ಡೆಲ್‌ಗೆ ಹಿತವೆನಿಸಿತು. ಕೊನೆಗೂ ನನ್ನ ಗಂಡ ನನ್ನ ಗಂಡನಂತೆಯೇ ಕಾಣುತ್ತಿದ್ದಾನೆ ಎಂದುಕೊಂಡಳು.

ಹತ್ತಿಯ ಹೊಲಗಳ ನಡುವೆ ಹಿಂದಿನಿಂದ ಪೋಲೀಸ್ ಕಾರು ಬಂದದ್ದು ಆಗಲೇ. ಹೋಸಿಯಾ ವೇಗ ತಗ್ಗಿಸುತ್ತ, ಮುಂದೆ ನೋಡುತ್ತಲೇ ಕೈ ಹಿಂದಕ್ಕೆ ಚಾಚಿದ.

"ಡೆಲ್. ಟೋಪಿ."

ಅವಳು ಅಲುಗಲಿಲ್ಲ.

"ಟೋಪಿ ಕೊಡು ಬೇಗ."

"ಇಲ್ಲ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. "ಇಲ್ಲ ಹೋಸಿಯಾ. ಅಲ್ಲೇ ಉಳೀತು."

ಮೇಲಿನ ಕನ್ನಡಿಯಲ್ಲಿ ಹೋಸಿಯಾನ ಕಣ್ಣು ಅವಳ ಕಣ್ಣನ್ನು ಸಂಧಿಸಿತು. ಆಮೇಲೆ ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದು ಸ್ಟೀರಿಂಗ್ ಮೇಲಿಟ್ಟ. ಎರಡೂ ಕೈ ಕಾಣುವಂತೆ ಇಟ್ಟ.

ಪೋಲೀಸಿನವನಿಗೆ ಇಪ್ಪತ್ತೈದು ದಾಟಿರಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ ಬಂದು ಕಿಟಕಿಯ ಮೇಲೆ ಮೊಳಕೈ ಊರಿದ.

"ಈ ಗಾಡಿ ಯಾರದ್ದೋ ಹುಡುಗಾ?"

"ನಮ್ಮ ದಣಿಗಳದ್ದು ಬುದ್ಧೀ. ವಿಟ್ಕಂ ದಣಿಗಳದ್ದು. ಮೊಬೀಲ್‌ನಲ್ಲಿರೋ ಅವರ ತಂಗಿ ಮನೆಗೆ ಮುಟ್ಟಿಸೋಕೆ ಹೊರಟಿದ್ದೀನಿ."

"ಹೌದಾ? ಡ್ರೈವರು ಅಂತೀಯ, ಟೋಪಿ ಎಲ್ಲಿ?"

"ಮರೆತು ಬಂದೆ ಬುದ್ಧೀ. ನನ್ನದೇ ತಪ್ಪು."

"ದಣಿ ಕಾರು ಮರೀಲಿಲ್ಲ, ಟೋಪಿ ಮಾತ್ರ ಮರೆತೆ." ಅವನು ಹಿಂದಿನ ಸೀಟಿಗೆ ಬಗ್ಗಿ ನೋಡಿದ. ಅವನ ಕಣ್ಣು ವರ್ಡೆಲ್‌ಳ ಕೈಗವಸಿನ ಮೇಲೆ, ಪಕ್ಕದಲ್ಲಿದ್ದ ಬೂದು ಹ್ಯಾಟಿನ ಮೇಲೆ ನಿಂತಿತು. "ಮತ್ತೆ ಈ ಮಹಾರಾಣಿ ಯಾರು?"

"ಅಡುಗೆಯವಳು ಬುದ್ಧೀ. ಅದು ಅವಳ ಕೂಸು."

"ಅಡುಗೆಯವಳನ್ನ ಮೆತ್ತನೆ ಸೀಟಲ್ಲಿ ಕೂರಿಸ್ಕೊಂಡು ಬರೋಕೆ ನಿನ್ನ ದಣಿ ಹೇಳಿದ್ನಾ?"

ಹೋಸಿಯಾ ತಲೆ ತಗ್ಗಿಸಿದ.

"ಇಳೀರಿ ಇಬ್ರೂ," ಎಂದ ಪೋಲೀಸಿನವನು. "ನಮ್ಮ ಗಡಿ ದಾಟೋ ತನಕ ನಡ್ಕೊಂಡು ಹೋಗಿ. ನೀನು ಅವರ ಹಿಂದೆ ಮೆಲ್ಲಗೆ ಗಾಡಿ ಬಿಟ್ಕೊಂಡು ಬಾ. ನಾನು ನಿನ್ನ ಹಿಂದೆ ಬರ್ತೀನಿ. ನಿಜವಾಗ್ಲೂ ಡ್ರೈವರು ಆಗಿದ್ರೆ ಸರಿಯಾಗಿ ಓಡಿಸ್ತೀಯ."

ಹೀಗೆ ಅವರು ನಡೆದರು. ಮುಂದೆ ಹೈಹೀಲ್ ಚಪ್ಪಲಿಯ ವರ್ಡೆಲ್, ಅಜ್ಜಿಯನ್ನು ನೋಡಲೆಂದೇ ಕೊಂಡಿದ್ದ ಬಿಳಿ ಶೂಗಳ ಲೋರೀನ್. ಹಿಂದೆ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಹಸಿರು ಬ್ಯೂಕ್. ಅದರ ಹಿಂದೆ ಪೋಲೀಸ್ ಕಾರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಮ್ಮವರು ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ನೋಡಲಿಲ್ಲ. ನೋಡದಿರುವುದೇ ಅವರು ಮಾಡಬಹುದಾದ ಮರ್ಯಾದೆ. ಬಿಸಿಲು ಏರುತ್ತಿತ್ತು. ಲೋರೀನ್ ಕುಂಟತೊಡಗಿದಳು. ವರ್ಡೆಲ್ ಎತ್ತಿಕೊಳ್ಳಲು ಹೋದರೆ, "ಬೇಡಮ್ಮಾ, ನಾನು ದೊಡ್ಡವಳು," ಎಂದಳು. ಸ್ವಲ್ಪ ದೂರ ಹೋಗಿ ಅಮ್ಮನ ಲಂಗ ಹಿಡಿದುಕೊಂಡಳು. ವರ್ಡೆಲ್ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ತಿರುಗಿದರೆ ಗಾಜಿನ ಹಿಂದೆ ಹೋಸಿಯಾನ ಮುಖ ಕಾಣುತ್ತಿತ್ತು.

ಗಡಿಯ ಕಲ್ಲು ಬರುವ ಮೊದಲೇ ಬ್ಯೂಕ್‌ನ ಮೂತಿಯಿಂದ ಹಬೆ ಏಳಲಾರಂಭಿಸಿತು. ಅಷ್ಟು ದೂರ ತೆವಳಿ ತೆವಳಿ ಎಂಜಿನ್ನು ಕಾದು ಕುದಿಯುತ್ತಿತ್ತು. ಪೋಲೀಸಿನವನು ಕಾರು ನಿಲ್ಲಿಸಿ ಹೊರಗೆ ಬಂದು, ಹಬೆ ನೋಡಿ ಮನಸಾರೆ ನಕ್ಕ. "ದಣಿ ನಿನ್ನ ಚರ್ಮ ಸುಲೀತಾನೆ ಕಣೋ," ಎಂದು ಹೇಳಿ ತಿರುಗಿಸಿಕೊಂಡು ಹೋದ.

ಎಂಜಿನ್ನು ತಣಿಯುವವರೆಗೆ ಕಾಯದೆ ಗತಿ ಇರಲಿಲ್ಲ. ಪೈನ್ ಮರದ ಚೂರು ನೆರಳಲ್ಲಿ ಮೂವರೂ ಕುಳಿತರು. ಕುಡಿಯಲೆಂದು ತಂದಿದ್ದ ಜಾಡಿಯ ನೀರನ್ನು ಹೋಸಿಯಾ ಮೊದಲು ಮಗಳಿಗೆ ಕುಡಿಸಿ, ಉಳಿದದ್ದನ್ನು ರೇಡಿಯೇಟರಿಗಾಗಿ ಪಕ್ಕಕ್ಕಿಟ್ಟ. ಆಮೇಲೆ ಮಂಡಿಯೂರಿ ಮಗುವಿನ ಶೂ ಬಿಚ್ಚಿದ. ಹಿಮ್ಮಡಿಯ ಚರ್ಮ ಕಿತ್ತು ಕಾಲುಚೀಲಕ್ಕೆ ಅಂಟಿತ್ತು.

"ಈಗ ಅಪ್ಪ ಅನ್ನಬಹುದಾ?" ಎಂದು ಲೋರೀನ್ ಮೆಲ್ಲಗೆ ಕೇಳಿದಳು.

"ಅನ್ನು ಮಗಾ."

ಅವಳು ಅನ್ನಲಿಲ್ಲ. ಸುಮ್ಮನೆ ಅವನ ಭುಜಕ್ಕೆ ಒರಗಿದಳು.

ವರ್ಡೆಲ್ ಬಾಯಿ ತೆರೆದಳು. "ಹೋಸಿಯಾ, ಆ ಟೋಪಿ..."

"ಬಿಡು," ಎಂದ ಅವನು. "ನಾನೇ ಒಂದ್ಸಲ ನೋಡ್ಕೋಬೇಕಿತ್ತು. ದಾರಿ ಗೊತ್ತಿರೋನು ನಾನು ತಾನೇ."

ವರ್ಡೆಲ್ ಮಗುವಿನ ಬಿಳಿ ಶೂಗಳ ಧೂಳು ಒರೆಸತೊಡಗಿದಳು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬೆಳಗಿನ ಸುಳ್ಳಿನ ಮೇಲೆ ಇದೊಂದು ಕೂತಿತು.

ಅತ್ತೆಯ ಮನೆ ತಲುಪಿದಾಗ ನೆರಳು ಉದ್ದವಾಗಿತ್ತು. ಅಂಗಳದಲ್ಲಿ ಯಾರೂ ಸಾಲುಗಟ್ಟಿ ನಿಂತಿರಲಿಲ್ಲ. ಜಿನೋಬಿಯಾ ಒಬ್ಬಳೇ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ತಮ್ಮನನ್ನು ತಬ್ಬಿಕೊಂಡು, ಆಮೇಲೆ ಅವನ ಎದೆಗೆ ಗುದ್ದಿದಳು.

"ಎಲ್ಲಿ ಸತ್ತಿದ್ಯೋ ಇಷ್ಟು ಹೊತ್ತು? ಬೆಳಿಗ್ಗೆಯಿಂದ ಬಾಗಿಲು ತೆಗೆದಿಡು, ಬಾಗಿಲು ತೆಗೆದಿಡು ಅಂತಿದ್ಲು. ತಲೆ ಬಾಚಿಸ್ಕೊಂಡ್ಲು. ಊಟದ ಹೊತ್ತಿಗೂ ಮಾತಾಡಿದ್ಲು, ನನ್ನ ಮಗನ ಕಾರಿಗೆ ಯಾವ ಬಣ್ಣ ಅಂದೆ ಅಂತ ಕೇಳಿದ್ಲು. ಹಸಿರು ಅಂದೆ. ಆಮೇಲೆ ಕಣ್ಣು ಮುಚ್ಚಿದೋಳು ತೆಗೆದೇ ಇಲ್ಲ."

ಹೋಸಿಯಾ ಒಳಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕುಳಿತ. ಮುದುಕಿ ಪರ್ಮೀಲಿಯಾ ಹಸುಗೂಸಿನಷ್ಟು ಸಣ್ಣಗಾಗಿದ್ದಳು. "ಅವ್ವಾ, ನಾನು ಬಂದೆ. ಅವ್ವಾ, ಹೋಸಿಯಾ ಬಂದಿದ್ದೀನಿ," ಎಂದು ಅವನು ಕರೆಯುತ್ತಲೇ ಇದ್ದ. ಅವಳ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಮರುದಿನ ಕೋಳಿ ಕೂಗುವ ವೇಳೆಗೆ ಅದೂ ನಿಂತಿತು.

ಊಟದ ಹೊತ್ತು ಎಂದರೆ ತಾವು ಪೈನ್ ಮರದ ಕೆಳಗೆ ಎಂಜಿನ್ನು ತಣಿಯಲೆಂದು ಕಾಯುತ್ತಿದ್ದ ಹೊತ್ತು. ವರ್ಡೆಲ್ ಅದನ್ನು ಮನಸ್ಸಿನಲ್ಲಿ ಎಷ್ಟು ಬಗೆಯಲ್ಲಿ ಹೊರಳಿಸಿ ನೋಡಿದರೂ ಬೇರೆಯಾಗಿ ಕಾಣಲಿಲ್ಲ.

ಮಣ್ಣು ಮಾಡುವ ದಿನದವರೆಗೆ ಊರವರು ಕಡುಬು, ಹಂದಿಯ ತೊಡೆ, ಸೊಪ್ಪು ಎಂದು ಪಾತ್ರೆ ಪಾತ್ರೆ ತಂದರು. ತಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ದಾರೀಲಿ ಏನಾಯ್ತಪ್ಪಾ?" ಹೋಸಿಯಾ ಹೇಳುತ್ತಿದ್ದದ್ದೂ ಒಂದೇ: "ಟೋಪಿ ಮರೆತು ಬಂದೆ." ಅವರು ತಲೆಯಾಡಿಸುತ್ತಿದ್ದರು. ಒಬ್ಬ ಮುದುಕ ಮಾತ್ರ, "ಪಟ್ಟಣದ ಗಾಳಿ ತಾಗಿತ್ತು ನೋಡು. ನಮ್ಮ ದಾರಿ ನಿನಗೆ ಮರೆತೇಹೋಯ್ತು," ಎಂದ. ಹೋಸಿಯಾ ಆ ಮಾತನ್ನು ನುಂಗಿಕೊಂಡ. ಗೋಡೆಯ ಬಳಿ ಪಾತ್ರೆ ಒರೆಸುತ್ತಿದ್ದ ವರ್ಡೆಲ್, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎಲ್ಲರೂ ಅವಳಿಗೆ ಒಳ್ಳೆಯವರಾಗಿದ್ದರು. ಜಿನೋಬಿಯಾ ಅವಳ ಕಾಲಿನ ಬೊಬ್ಬೆಗಳಿಗೆ ಹಂದಿಯ ಕೊಬ್ಬು ಸವರಿ, "ನಿನ್ನಂಥೋಳನ್ನ ಹಾಗೆ ನಡೆಸಿದ್ರಲ್ಲ ಪಾಪಿಗಳು," ಎಂದು ಕಣ್ಣೀರು ಹಾಕಿದಳು. ವರ್ಡೆಲ್ ಕಾಲು ಹಿಂದಕ್ಕೆಳೆದುಕೊಂಡಳು.

"ಉರೀತಾ?" ಎಂದಳು ಜಿನೋಬಿಯಾ.

"ಹೂಂ," ಎಂದಳು ವರ್ಡೆಲ್.

ಮಣ್ಣಾದ ಮರುದಿನ ಮಧ್ಯಾಹ್ನ, ನಾಳೆ ಹೊರಡಬೇಕೆನ್ನುವಾಗ, ವರ್ಡೆಲ್ ಅತ್ತೆಯ ಹೊಲಿಗೆ ಯಂತ್ರವನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು. ಕ್ಲೀವ್‌ಲ್ಯಾಂಡಿನಲ್ಲಿ ಅವಳ ಕೆಲಸವೇ ಅದು, ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಅಳತೆಗೆ ಉಡುಪು ಸರಿಮಾಡುವುದು. ಜಿನೋಬಿಯಾಳನ್ನು ಕೇಳಿ, ಮುದುಕಿಯ ಒಂದು ಹಳೆಯ ಕಪ್ಪು ಲಂಗ ತೆಗೆದುಕೊಂಡಿದ್ದಳು. ಕಾರಿನಿಂದ ಖಾಲಿ ಶೂ ಪೆಟ್ಟಿಗೆ ತಂದು, ಕೋಳಿಯ ಜಿಡ್ಡು ತಾಗದ ಕಡೆಯ ರಟ್ಟನ್ನು ಅರ್ಧಚಂದ್ರದಂತೆ ಕತ್ತರಿಸಿದಳು. ಟೋಪಿಯ ಮುಂದಿನ ಅಂಚಿಗೆ ಅಷ್ಟು ಗಟ್ಟಿ ಸಾಕು. ಎರಡು ಪದರ ಬಟ್ಟೆಯ ನಡುವೆ ಅದನ್ನಿಟ್ಟು ಹೊಲಿದಳು.

ಹೋಸಿಯಾ ಬಾಗಿಲಲ್ಲಿ ಬಂದು ನಿಂತ. ಏನೆಂದು ಕೇಳಲಿಲ್ಲ. ನೋಡಿದರೆ ತಿಳಿಯುವಂತಿತ್ತು.

"ಬಾ, ಅಳತೆ ತಗೋಬೇಕು," ಎಂದಳು.

ಅವನು ಸ್ಟೂಲಿನ ಮೇಲೆ ಕುಳಿತ. ಅವಳು ಹಿಂದೆ ನಿಂತು ಟೇಪನ್ನು ಅವನ ತಲೆಗೆ ಸುತ್ತಿದಳು. ಕಿವಿಯ ಮೇಲಿನ ಕೂದಲು ಈ ವಾರದಲ್ಲಿ ಇನ್ನಷ್ಟು ನರೆತಂತೆ ಕಂಡಿತು. ಅವನ ಮುಖ ಕಾಣದ ಈ ಜಾಗ ಬಿಟ್ಟರೆ ಇನ್ನೆಲ್ಲೂ ನಿಜ ಹೇಳಲು ತನ್ನಿಂದ ಆಗದೆಂದು ಅವಳಿಗೆ ಅನಿಸಿತು. ನಾಳೆ ಸಂಜೆ ಓಲಾ ಮನೆಯ ಬಾಗಿಲಿಗೆ ಹೋದರೆ ಅವಳು ಆ ಟೋಪಿ ತಂದು ಕೊಡುತ್ತಾಳೆ, ಹೊದಿಕೆಯ ಅಡಿಯಲ್ಲಿ ಸಿಕ್ಕಿತು ಎನ್ನುತ್ತಾಳೆ. ಆದರೆ ಈಗ ಹೇಳಲು ಹೊರಟದ್ದು ಸಿಕ್ಕಿಬೀಳುವ ಭಯಕ್ಕಲ್ಲ. ಮುದುಕನ ಮಾತನ್ನು ಅವನು ನುಂಗಿದ ರೀತಿ ಅವಳನ್ನು ಬಿಡದೆ ಕಾಡುತ್ತಿತ್ತು.

"ಅದು ಮರೆತು ಉಳಿದಿದ್ದಲ್ಲ ಹೋಸಿಯಾ. ನಾನು ಬಚ್ಚಿಟ್ಟು ಬಂದೆ. ಓಲಾ ಮನೆ ಡ್ರಾಯರಿನಲ್ಲಿ, ಹೊದಿಕೆ ಅಡೀಲಿ."

ಟೇಪಿನ ಕೆಳಗೆ ಅವನ ತಲೆ ಅಲುಗಲಿಲ್ಲ. ಹೊರಗೆ ಲೋರೀನ್ ಬರಿಗಾಲಲ್ಲಿ ಕೋಳಿಗಳನ್ನು ಅಟ್ಟುತ್ತಿದ್ದಳು.

"ನಿನ್ನ ಮಾನ ಉಳಿಸೋಕೆ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ," ಎಂದಳು. "ಅದೂ ಸುಳ್ಳು. ನಂಗೆ ನಿನ್ನ ನೋಡಿ ನಾಚಿಕೆ ಆಗಿತ್ತು. ನೀನು ಹಾಗೆ ನಗೋದು ನೋಡಿ."

ಅವನು ಕಿಟಕಿಯಾಚೆ ಮಗಳನ್ನು ನೋಡಿದ. ಆಮೇಲೆ, "ಗೊತ್ತಿತ್ತು," ಎಂದ. "ಟೋಪಿ ಕೇಳಿದಾಗ ಕನ್ನಡೀಲಿ ನಿನ್ನ ಮುಖ ನೋಡ್ದೆ. ಮರೆತೋರು ಹುಡುಕ್ತಾರೆ ಡೆಲ್. ನೀನು ಹುಡುಕಲಿಲ್ಲ."

"ಮತ್ಯಾಕೆ ಎಲ್ರಿಗೂ ನಾನೇ ಮರೆತೆ ಅಂದೆ?"

"ಇನ್ನೇನು ಹೇಳ್ಲಿ? ಅವ್ವನ ಹಾಸಿಗೆ ಮುಂದೆ ನಿಂತು ನನ್ನ ಹೆಂಡ್ತಿ ಹಿಂಗೆ ಮಾಡಿದ್ಲು ಅನ್ಲಾ?" ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. "ಆ ನಗು ಹೇಗಿರತ್ತೆ ಅಂತ ನಂಗೂ ಗೊತ್ತು. ನಮ್ಮಪ್ಪ ಹಾಗೆ ನಗೋದು ನೋಡಿ ನಾನೂ ನಾಚಿಕೆ ಪಟ್ಟವನೇ. ಆದ್ರೆ ಅವ್ವ ಕಾಯ್ತಿದ್ಲು. ಅದನ್ನ ಹೇಗೆ ಮರೀಲಿ ಅಂತ ಮಾತ್ರ ಗೊತ್ತಿಲ್ಲ."

ವರ್ಡೆಲ್ ಕ್ಷಮಿಸು ಎನ್ನಲು ಹೊರಟವಳು ಅನ್ನಲಿಲ್ಲ. ಆ ಮಾತು ಅವನ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ ಆಗುತ್ತಿತ್ತು. ಅವಳು ಯಂತ್ರದ ಮುಂದೆ ಕುಳಿತು ಪಟ್ಟಿ ಜೋಡಿಸಿ ಹೊಲಿದಳು. ಅವನು ಎದ್ದು ಹೋಗಲಿಲ್ಲ, ಸ್ಟೂಲಿನ ಮೇಲೆ ಬೆನ್ನು ಹಾಕಿಕೊಂಡೇ ಕುಳಿತಿದ್ದ. ಟೋಪಿ ಮುಗಿದಾಗ ಅವನ ತಲೆಗೆ ತಾನೇ ಇಟ್ಟು, ಮುಂದೆ ಬಂದು ನೋಡಿದಳು. ಕಪ್ಪು ಬಟ್ಟೆಯಲ್ಲಿ ಅವ್ವನ ಪೆಟ್ಟಿಗೆಯ ಕರ್ಪೂರದ ವಾಸನೆ ಇನ್ನೂ ಇತ್ತು. ಅದು ಅವನಿಗೂ ಬಡಿದಿರಬೇಕು, ಕಣ್ಣು ಮುಚ್ಚಿಕೊಂಡ.

"ಬಿಗಿಯಾಗಿದೆ," ಎಂದ. "ದೂರದ ದಾರಿ. ತಲೆ ನೋಯತ್ತೆ."

"ಸಡಿಲ ಮಾಡ್ತೀನಿ. ಕೊಡು."

ಅವನು ತೆಗೆದು ಕೊಟ್ಟ. ವರ್ಡೆಲ್ ಟೋಪಿಯನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು, ಸೂಜಿಯ ಮೊನೆಯಿಂದ ಒಳಪಟ್ಟಿಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.